ಭೂಮಿಯ ವರಮಾನವೂ ವ್ಯಾಪಾರದ ವರಮಾನವೂ: ತೆರಿಗೆಯ ನ್ಯಾಯವನ್ನು ಕುರಿತು
(ರೈತರ ಸಭೆಯೊಂದರಲ್ಲಿ ಕೃಷಿ ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಮಾಡಿದ ಉಪನ್ಯಾಸ)



ಕೃಷಿ ಇಲಾಖೆಯವರು ತಮ್ಮ ಮುಂದೆ ನಿಂತರೆ ಬಿತ್ತನೆಯ ಬೀಜ, ಗೊಬ್ಬರದ ಗುಂಡಿ, ಪೈರಿನ ರೋಗ ಮೊದಲಾದುವನ್ನು ಕುರಿತು ಮಾತನಾಡುವುದು ವಾಡಿಕೆ. ಈ ದಿನ ನಾನು ಆರಿಸಿಕೊಂಡಿರುವ ವಿಷಯವು ಹೊಲದಲ್ಲಿ ಬೆಳೆಯುವಂಥದಲ್ಲ. ಆದರೂ ಹೊಲಕ್ಕೆ ಸಂಬಂಧಪಟ್ಟದ್ದೇ. ದೊಡ್ಡ ಕಂಪನಿಗಳು ಎಷ್ಟು ತೆರಿಗೆ ಕೊಡಬೇಕು, ಭೂಮಿಯುಳ್ಳವರು ಎಷ್ಟು ಕೊಡಬೇಕು ಎಂಬ ಚರ್ಚೆ ವೃತ್ತಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಆಗಾಗ ಏಳುತ್ತಿರುವುದನ್ನು ತಾವು ಕೇಳಿದ್ದೀರಿ. “ಕಂಪನಿಗಳಿಗೆ ದರವನ್ನು ಇಳಿಸಿ ಸಾಮಾನ್ಯರ ಮೇಲೆ ಭಾರ ಹೇರಿದ್ದಾರೆ” ಎಂದು ಒಂದು ಪಕ್ಷದವರು ಹೇಳುತ್ತಾರೆ. “ಜಮೀನುದಾರರು ಲಕ್ಷಗಟ್ಟಲೆ ಸಂಪಾದಿಸಿಯೂ ಒಂದು ಕಾಸು ವರಮಾನ ತೆರಿಗೆ ಕೊಡುವುದಿಲ್ಲ” ಎಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಈ ವಾದವು ನಡೆದಿರುವಾಗ, ಮೂರು ಎಕರೆಯ ರೈತನಿಗೆ ತನ್ನ ಹೆಸರನ್ನು ಯಾರು ಯಾತಕ್ಕಾಗಿ ಎತ್ತುತ್ತಿದ್ದಾರೆಂಬುದೇ ತಿಳಿಯುವುದಿಲ್ಲ. ಅದನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

ನಾನು ತೆರಿಗೆಯ ಅಧಿಕಾರಿಯಲ್ಲ. ಯಾರಿಂದ ಎಷ್ಟು ವಸೂಲು ಮಾಡಬೇಕೆಂಬುದು ಶಾಸನಸಭೆಗಳ ನಿರ್ಣಯಕ್ಕೆ ಸೇರಿದ್ದು. ಆದರೆ ಬೇಸಾಯದ ಖರ್ಚು ವೆಚ್ಚಗಳನ್ನು ದಿನವೂ ನೋಡುವ ಉದ್ಯೋಗ ನನ್ನದಾದ್ದರಿಂದ, ಕಾನೂನಿನ ಸ್ಥಿತಿಯನ್ನೂ ಅಂಕಿಗಳನ್ನೂ ತಮ್ಮ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

೧. ಹಿಂದಿನ ಸಂಗತಿ

ರಾಜನಿಗೆ ಬೆಳೆಯಲ್ಲಿ ಆರನೆಯ ಒಂದು ಪಾಲು ಸಲ್ಲತಕ್ಕದ್ದೆಂದು ನಮ್ಮ ಪುರಾತನ ಧರ್ಮಶಾಸ್ತ್ರಗಳು ಹೇಳಿದುವು. ಬೆಳೆದರೆ ಪಾಲು, ಬೆಳೆಯದಿದ್ದರೆ ಇಲ್ಲ. ಇದು ಅದರ ತಿರುಳು. ಕಾಲಕ್ರಮದಲ್ಲಿ ಪಾಲು ಹೋಗಿ ನಗದಿನ ಕಂದಾಯವು ಬಂದಿತು. ನಮ್ಮ ಸೀಮೆಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಭೂಮಿಯನ್ನು ವಿಂಗಡಿಸಿ, ಮಣ್ಣಿನ ಗುಣವನ್ನೂ ನೀರಿನ ಅನುಕೂಲವನ್ನೂ ನೋಡಿ, ಎಕರೆಗೆ ಇಷ್ಟೆಂದು ಗೊತ್ತುಮಾಡಿದರು. ಇದು ಭೂಮಿಯ ಮೇಲಿನ ತೆರಿಗೆಯೇ ಹೊರತು ಲಾಭದ ಮೇಲಿನದಲ್ಲ.

ಬಂಗಾಳ, ಬಿಹಾರ ಪ್ರಾಂತಗಳಲ್ಲಿ ಕ್ರಮವು ಬೇರೆ. ಅಲ್ಲಿ 1793ರಲ್ಲಿ ಕಾರ್ನ್‌ವಾಲಿಸನ ಕಾಲದಲ್ಲಿ ಕಾಯಂ ಜಮಾಬಂದಿಯಾಯಿತು. ಗೇಣಿಯ 11 ಪಾಲುಗಳಲ್ಲಿ 10 ಸರ್ಕಾರಕ್ಕೆ, 1 ಜಮೀನ್ದಾರನಿಗೆ ಎಂದು ಆಗಿನ ಲೆಕ್ಕ. ಸರ್ಕಾರಕ್ಕೆ ಸಲ್ಲುವ ಮೊಬಲಗು ಶಾಶ್ವತವಾಗಿ ನಿಂತುಹೋಯಿತು. ಗೇಣಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಏರಿತು. ಏರಿದ ಭಾಗವೆಲ್ಲ ಜಮೀನ್ದಾರನಲ್ಲಿಯೇ ಉಳಿಯಿತು.

ಭಾರತದಲ್ಲಿ ವರಮಾನ ತೆರಿಗೆಯನ್ನು ಮೊದಲು ತಂದವನು ಜೇಮ್ಸ್ ವಿಲ್ಸನ್, 1860ರಲ್ಲಿ. 1857ರ ದಂಗೆಯ ತರುವಾಯ ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಅದನ್ನು ವಿಧಿಸಿದರು. ಆ ತೆರಿಗೆಯಲ್ಲಿ ಬೇಸಾಯದ ವರಮಾನವೂ ಸೇರಿತ್ತೆಂಬುದು ಗಮನಿಸತಕ್ಕ ವಿಷಯ. ವರ್ಷಕ್ಕೆ 200 ರೂಪಾಯಿಗೆ ಕಡಮೆ ಇದ್ದವರಿಗೆ ಅದು ತಗಲುತ್ತಿರಲಿಲ್ಲ. 1865ರಲ್ಲಿ ಆ ಕಾಯಿದೆಯ ಅವಧಿ ಮುಗಿಯಿತು. 1886ರಲ್ಲಿ ಸ್ಥಿರವಾದ ವರಮಾನ ತೆರಿಗೆಯ ಕಾಯಿದೆ ಬಂದಾಗ ಬೇಸಾಯದ ವರಮಾನವನ್ನು ಅದರಿಂದ ಬಿಟ್ಟರು. ಭೂಮಿಯವನು ಕಂದಾಯವನ್ನು ಕೊಡುತ್ತಿರುವಾಗ ಅದೇ ಭೂಮಿಯ ಮೇಲೆ ಎರಡನೆಯ ಹೊರೆ ಬೇಡವೆಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣ. ಕಂದಾಯವು ಭಾರವಾಗಿದ್ದ ಆ ದಿನಗಳಲ್ಲಿ ಈ ಕಾರಣಕ್ಕೆ ತೂಕವಿತ್ತು.

ಆದರೆ ಕಂದಾಯದಲ್ಲಿಯೇ ಒಂದು ಅನ್ಯಾಯವಿತ್ತು. ಡಾ. ಅಂಬೇಡ್ಕರ್ ಅವರು 1927ರಲ್ಲಿ ಮುಂಬಯಿಯ ಶಾಸನ ಪರಿಷತ್ತಿನಲ್ಲಿ ಆಯವ್ಯಯದ ಮೇಲೆ ಮಾತನಾಡಿದಾಗ ಇದನ್ನು ಎತ್ತಿ ತೋರಿಸಿದರು. ವರಮಾನ ತೆರಿಗೆಗಾದರೋ ಒಂದು ಕೆಳಮಿತಿಯುಂಟು. ಅದಕ್ಕೆ ಕಡಮೆಯಾದವನು ಏನನ್ನೂ ಕೊಡಬೇಕಿಲ್ಲ. ಕಂದಾಯಕ್ಕೆ ಅಂಥ ಮಿತಿಯೇ ಇಲ್ಲ. ತುಂಡು ಹೊಲದ ಬಡವನೂ ದೊಡ್ಡ ಜಹಗೀರಿನವನೂ ಒಂದೇ ದರದಲ್ಲಿ ಕೊಡಬೇಕು ಎಂಬುದು ಅವರ ಆಕ್ಷೇಪಣೆಯ ಸಾರಾಂಶ. ಇಂದಿನ ಚರ್ಚೆಗೂ ಈ ಮಾತೇ ಬೀಗದ ಕೈ. ಶಕ್ತಿಯನ್ನು ನೋಡದೆ ಹೇರುವುದು ಹೇಗೆ ಅನ್ಯಾಯವೋ, ಶಕ್ತಿಯನ್ನು ನೋಡದೆ ಬಿಡುವುದೂ ಹಾಗೆಯೇ ಅನ್ಯಾಯ.

೨. ಇಂದಿನ ಕಾನೂನು

1935ರ ಭಾರತ ಸರ್ಕಾರದ ಕಾಯಿದೆಯು ಬೇಸಾಯದ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ಬಿಹಾರವು 1938ರಲ್ಲಿಯೂ, ಅಸ್ಸಾಂ 1939ರಲ್ಲಿಯೂ, ಬಂಗಾಳವು 1944ರಲ್ಲಿಯೂ ಅಂಥ ಕಾಯಿದೆಗಳನ್ನು ಮಾಡಿದುವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವೂ ಇದೇ ಹಂಚಿಕೆಯನ್ನು ಉಳಿಸಿಕೊಂಡಿತು. ಬೇಸಾಯದ್ದಲ್ಲದ ವರಮಾನದ ಮೇಲೆ ಕೇಂದ್ರಕ್ಕೆ ಅಧಿಕಾರ. ಬೇಸಾಯದ ವರಮಾನದ ಮೇಲೆ ರಾಜ್ಯಗಳಿಗೆ ಅಧಿಕಾರ. ನಮ್ಮ ರಾಜ್ಯದಲ್ಲಿಯೂ 1957ರಲ್ಲಿ ಕೃಷಿ ವರಮಾನ ತೆರಿಗೆಯ ಕಾಯಿದೆಯಾಯಿತು. ಅದರ ಭಾರ ಬಿದ್ದದ್ದು ಮುಖ್ಯವಾಗಿ ಕಾಫಿ, ಟೀ, ಏಲಕ್ಕಿ ಮೊದಲಾದ ತೋಟದ ಬೆಳೆಗಳ ಮೇಲೆ. ಕೇಂದ್ರದ 1961ರ ಕಾಯಿದೆಯಲ್ಲಿ ಬೇಸಾಯದ ವರಮಾನಕ್ಕಿದ್ದ ವಿನಾಯಿತಿಯನ್ನು 2025ರ ಹೊಸ ಕಾಯಿದೆಯಲ್ಲಿಯೂ ಉಳಿಸಿದ್ದಾರೆ.

ಬೇಸಾಯದ ವರಮಾನವೆಂದರೆ ಯಾವುದು? ಉಳುವುದು, ಬಿತ್ತುವುದು, ನೆಡುವುದು ಮೊದಲಾಗಿ ಭೂಮಿಯ ಮೇಲೆ ಮಾಡುವ ಮೂಲಕೆಲಸಗಳಿಂದ ಹುಟ್ಟಿದ್ದು ಎಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ರಾಜಾ ಬಿನಯಕುಮಾರ ಸಹಸ್ರಾಯರ ಮೊಕದ್ದಮೆಯಲ್ಲಿ ತೀರ್ಮಾನ ಮಾಡಿತು. ತಾನಾಗಿ ಬೆಳೆದ ಕಾಡಿನ ಮರಗಳಿಂದ ಬಂದದ್ದು ಬೇಸಾಯದ್ದಲ್ಲ. ಕೋಳಿ ಸಾಕಣೆ, ಹೈನುಗಾರಿಕೆಗಳ ವರಮಾನವೂ ಬೇಸಾಯದ್ದಲ್ಲ. ಆದರೆ ಬೇಸಾಯಕ್ಕೆ ಕೊಟ್ಟ ಭೂಮಿಯ ಗೇಣಿಯು ಬೇಸಾಯದ ವರಮಾನವೇ. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿರಿ. ನಾಲ್ಕು ಹಸು ಕಟ್ಟಿ ಬೆಳಗಿನ ಜಾವಕ್ಕೆ ಎದ್ದು ಹಾಲು ಕರೆಯುವ ತಾಯಿಯ ಸಂಪಾದನೆ ವಿನಾಯಿತಿಯ ಹೊರಗೆ. ಪಟ್ಟಣದಲ್ಲಿ ಕುಳಿತು ಗೇಣಿ ಎಣಿಸುವವನ ಸಂಪಾದನೆ ವಿನಾಯಿತಿಯ ಒಳಗೆ. ಆ ತಾಯಿಯ ಆದಾಯ ಮಿತಿಗಿಂತ ಕಡಮೆಯಾದ್ದರಿಂದ ಅವಳಿಗೆ ತೆರಿಗೆ ತಗಲುವುದಿಲ್ಲ, ನಿಜ. ಆದರೆ ವಿನಾಯಿತಿಯು ಬೆವರನ್ನು ನೋಡಿ ಕೊಟ್ಟದ್ದಲ್ಲ, ವರಮಾನದ ಹೆಸರನ್ನು ನೋಡಿ ಕೊಟ್ಟದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ನಾಲ್ವರ ಲೆಕ್ಕ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಾಲ್ವರಿದ್ದಾರೆ, ಖರ್ಚು ಕಳೆದು ಪ್ರತಿಯೊಬ್ಬರ ನಿವ್ವಳ ವರಮಾನವೂ ವರ್ಷಕ್ಕೆ 24 ಲಕ್ಷ ರೂಪಾಯಿ. 2025-26ನೇ ಸಾಲಿನ ಹೊಸ ಪದ್ಧತಿಯ ದರಗಳಂತೆ, ಮೇಲ್ತೆರಿಗೆಗಳನ್ನು ಬಿಟ್ಟು, ಲೆಕ್ಕ ಹಾಕುತ್ತೇನೆ.

ಮೊದಲನೆಯವನು ಪೇಟೆಯ ವರ್ತಕ. ಪೂರ್ತಿ 24 ಲಕ್ಷವೂ ಅಂಗಡಿಯದು. ಅವನು ಕೊಡಬೇಕಾದ ತೆರಿಗೆ 3,00,000 ರೂಪಾಯಿ.

ಎರಡನೆಯವನಿಗೆ ಅಂಗಡಿಯಿಂದ 14 ಲಕ್ಷ, ತೋಟದಿಂದ 10 ಲಕ್ಷ. ಇಂಥವರಿಗಾಗಿ 1973ರಲ್ಲಿ ಒಂದು ಕ್ರಮವನ್ನು ತಂದರು. ಬೇಸಾಯದ ವರಮಾನವು 5,000 ರೂಪಾಯಿಯನ್ನು ಮೀರಿದ್ದು, ಬೇರೆಯ ವರಮಾನವೂ ತೆರಿಗೆಯ ಮಿತಿಯನ್ನು ಮೀರಿದ್ದರೆ, ಎರಡನ್ನೂ ಕೂಡಿಸಿ ದರವನ್ನು ಗೊತ್ತುಮಾಡುತ್ತಾರೆ. ತೆರಿಗೆಯನ್ನು ಮಾತ್ರ ಬೇರೆಯ ವರಮಾನದ ಮೇಲೆಯೇ ಹಾಕುತ್ತಾರೆ. 24 ಲಕ್ಷದ ಮೇಲಿನ ತೆರಿಗೆ 3,00,000. ತೋಟದ 10 ಲಕ್ಷಕ್ಕೆ ಮೂಲ ಮಿತಿಯಾದ 4 ಲಕ್ಷವನ್ನು ಕೂಡಿಸಿದರೆ 14 ಲಕ್ಷ. ಅದರ ಮೇಲಿನದು 90,000. ಒಂದರಿಂದ ಒಂದನ್ನು ಕಳೆದರೆ ಅವನು ಕೊಡಬೇಕಾದದ್ದು 2,10,000 ರೂಪಾಯಿ.

ಮೂರನೆಯದು ಒಂದು ಸಾಧಾರಣ ಕಂಪನಿ. ವಿನಾಯಿತಿಗಳನ್ನೆಲ್ಲ ಬಿಟ್ಟುಕೊಟ್ಟ ಕಂಪನಿಗಳಿಗೆ 2019ರಲ್ಲಿ ಗೊತ್ತಾದ ದರ ಶೇಕಡ 22. ಅದರಂತೆ 5,28,000 ರೂಪಾಯಿ.

ನಾಲ್ಕನೆಯವನು ಬರಿಯ ತೋಟದ ಧಣಿ. 24 ಲಕ್ಷವೂ ಬೆಳೆಯಿಂದ ಬಂದದ್ದು. ಅವನು ಕೇಂದ್ರಕ್ಕೆ ಕೊಡಬೇಕಾದ ವರಮಾನ ತೆರಿಗೆ ಸೊನ್ನೆ. ಅವನ ವರಮಾನ 24 ಲಕ್ಷವಾಗಿರಲಿ, 2 ಕೋಟಿಯಾಗಿರಲಿ, ಆ ಸೊನ್ನೆ ಬದಲಾಗುವುದಿಲ್ಲ. ಇನ್ನೂ ಒಂದು ಮಾತು: ಈ ವಿನಾಯಿತಿಯು ಮನುಷ್ಯರಿಗೆ ಮಾತ್ರವೆಂದು ಕಾನೂನು ಹೇಳುವುದಿಲ್ಲ. ಕಂಪನಿಯೊಂದು ಭೂಮಿಯನ್ನು ಹಿಡಿದು ಬೆಳೆ ತೆಗೆದರೆ ಆ ಭಾಗಕ್ಕೆ ಅದಕ್ಕೂ ಸಲ್ಲುತ್ತದೆ. ಬೆಳೆದದ್ದನ್ನು ಕಾರ್ಖಾನೆಯಲ್ಲಿ ಹದಮಾಡಿ ಮಾರುವಲ್ಲಿ ಮಾತ್ರ ಪಾಲು ಮಾಡಿದ್ದಾರೆ. ಟೀ ಬೆಳೆದು ತಯಾರಿಸುವಲ್ಲಿ 100ಕ್ಕೆ 40 ಪಾಲು ವ್ಯಾಪಾರದ್ದೆಂದೂ, ಕಾಫಿ ಬೆಳೆದು ಸಂಸ್ಕರಿಸಿ ಮಾರುವಲ್ಲಿ 25 ಪಾಲು ವ್ಯಾಪಾರದ್ದೆಂದೂ ನಿಯಮಗಳಲ್ಲಿ ಗೊತ್ತುಮಾಡಿದರು.

ಹೀಗಿರುವಲ್ಲಿ ದೊಡ್ಡ ವ್ಯಾಪಾರಕ್ಕೂ ದೊಡ್ಡ ಭೂಮಿಗೂ ನಡುವೆ ಗೋಡೆಯಿದೆಯೆಂದು ತಿಳಿಯಬಾರದು. ಎರಡೂ ಒಂದೇ ಕೈಯಲ್ಲಿರುವುದುಂಟು. ಒಂದು ಕಡೆ ತೆರಿಗೆ ಇದ್ದು ಮತ್ತೊಂದು ಕಡೆ ಇಲ್ಲದಿದ್ದರೆ, ಹಣವು ಇಳಿಜಾರಿನ ನೀರಿನಂತೆ ತೆರಿಗೆ ಇಲ್ಲದ ಕಡೆಗೆ ಹರಿಯುತ್ತದೆ. ವ್ಯಾಪಾರದ ಲಾಭವನ್ನು ಬೆಳೆಯ ಲಾಭವೆಂದು ಬರೆಯುವ ಆಸೆ ಹುಟ್ಟುತ್ತದೆ. ನಿಯಂತ್ರಕ ಮತ್ತು ಮಹಾಲೆಕ್ಕ ಪರಿಶೋಧಕರು 2019ರಲ್ಲಿ ಸಲ್ಲಿಸಿದ ವರದಿಯಲ್ಲಿ, ತಾವು ನೋಡಿದ ಪ್ರಕರಣಗಳ ಪೈಕಿ ಶೇಕಡ 22.5ರಷ್ಟರಲ್ಲಿ ಸಾಕಷ್ಟು ದಾಖಲೆಗಳ ಪರಿಶೀಲನೆಯಿಲ್ಲದೆ ಈ ವಿನಾಯಿತಿಯನ್ನು ಕೊಡಲಾಗಿತ್ತೆಂದು ತಿಳಿಸಿದರು. ಪೈರಿಗೆಂದು ಹಾಕಿದ ಬೇಲಿಯೊಳಗೆ ಪರರ ದನ ಮೇಯುವುದೆಂದರೆ ಇದೇ.

೪. ರೈತನ ನಿಜಸ್ಥಿತಿ

ಈಗ ತಮ್ಮ ಲೆಕ್ಕಕ್ಕೆ ಬರುತ್ತೇನೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಶೇಕಡ 86ರಷ್ಟು ಎರಡು ಹೆಕ್ಟೇರಿಗೆ, ಎಂದರೆ ಐದು ಎಕರೆಗೆ, ಕಡಮೆಯಾದವು. ಆದರೆ ಇವುಗಳ ಕೈಯಲ್ಲಿರುವ ಭೂಮಿ ಒಟ್ಟಿನ ಶೇಕಡ 47 ಮಾತ್ರ. ಹತ್ತು ಹೆಕ್ಟೇರು ಮತ್ತು ಅದಕ್ಕೆ ಮೇಲ್ಪಟ್ಟ ಹಿಡುವಳಿಗಳು ಶೇಕಡ 1ನ್ನೂ ಮುಟ್ಟುವುದಿಲ್ಲ. ಅವುಗಳಲ್ಲಿರುವ ಭೂಮಿ ಸುಮಾರು ಶೇಕಡ 9.

2018-19ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಬೇಸಾಯದ ಕುಟುಂಬಗಳ ವರಮಾನವನ್ನು ವಿಚಾರಿಸಿದರು. ಸರಾಸರಿ ಕುಟುಂಬಕ್ಕೆ ತಿಂಗಳಿಗೆ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ ಮಾತ್ರ. ವರ್ಷಕ್ಕೆ ಲೆಕ್ಕ ಹಾಕಿದರೆ ಒಟ್ಟು ಸುಮಾರು 1,22,600, ಬೆಳೆಯದು ಸುಮಾರು 45,600. ಆ ವರ್ಷ ಪಟ್ಟಣದ ನೌಕರನಿಗೂ ವರ್ತಕನಿಗೂ ತೆರಿಗೆಯ ಮೂಲ ಮಿತಿ 2,50,000 ರೂಪಾಯಿ ಇತ್ತು. ವಿನಾಯಿತಿಯೇ ಇಲ್ಲದಿದ್ದರೂ ಇಂಥ ಕುಟುಂಬಕ್ಕೆ ಒಂದು ಕಾಸೂ ತೆರಿಗೆ ಬೀಳುತ್ತಿರಲಿಲ್ಲ.

ಈ ಒಂದು ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನನ್ನ ಶ್ರಮ ಸಾರ್ಥಕ. ಬಡ ರೈತನನ್ನು ಕಾಪಾಡುತ್ತಿರುವುದು ಬೇಸಾಯಕ್ಕೆ ಕೊಟ್ಟ ವಿಶೇಷ ವಿನಾಯಿತಿಯಲ್ಲ. ಎಲ್ಲರಿಗೂ ಇರುವ ಸಾಮಾನ್ಯ ಮಿತಿಯೇ ಅವನಿಗೆ ಸಾಕು. ವಿಶೇಷ ವಿನಾಯಿತಿಯಿಂದ ಲಾಭವಾಗುವುದು ಆ ಮಿತಿಯನ್ನು ಮೀರಿದವರಿಗೆ ಮಾತ್ರ. ಆದರೂ ಈ ಮಾತು ಎದ್ದಾಗಲೆಲ್ಲ “ಬಡ ರೈತನ ಮೇಲೆ ತೆರಿಗೆಯೇ?” ಎಂಬ ಕೂಗು ಏಳುತ್ತದೆ. ಹೆಸರು ತಮ್ಮದು, ನೆರಳು ಬೇರೆಯವರದು.

ರೈತನು ತೆರಿಗೆಯನ್ನೇ ಕೊಡುವುದಿಲ್ಲವೆಂಬ ಪಟ್ಟಣದವರ ಮಾತೂ ಸರಿಯಲ್ಲ. ಅವನು ಕೊಳ್ಳುವ ರಸಗೊಬ್ಬರದ ಮೇಲೆ 2017ರಿಂದ ಸರಕು ಮತ್ತು ಸೇವಾ ತೆರಿಗೆ ಶೇಕಡ 5. ಟ್ರ್ಯಾಕ್ಟರಿನ ಮೇಲೆ 2025ರ ಸೆಪ್ಟೆಂಬರಿನವರೆಗೆ 12, ಆಮೇಲೆ 5. ಡೀಸೆಲಿನ ಮೇಲಿನ ಸುಂಕಗಳು ಬೇರೆ. ವರ್ತಕನು ತಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ರೈತನ ಧಾನ್ಯಕ್ಕೆ ಹೊಲದ ಬದುವಿನಲ್ಲಿ ತೆರಿಗೆಯಿಲ್ಲದ್ದರಿಂದ ಅವನಿಗೆ ಕಳೆಯುವುದಕ್ಕೆ ಎಡೆಯೇ ಇಲ್ಲ; ಕೊಟ್ಟದ್ದು ಕೊಟ್ಟದ್ದೇ. ಈ ತೆರಿಗೆಗಳಿಗೆ ಕೆಳಮಿತಿಯಿಲ್ಲ. ಒಂದು ಮೂಟೆ ಕೊಂಡವನೂ ನೂರು ಮೂಟೆ ಕೊಂಡವನೂ ಒಂದೇ ದರದಲ್ಲಿ ಕೊಡಬೇಕು. ದೊಡ್ಡ ವರಮಾನಗಳಿಂದ ನೇರವಾಗಿ ಬರಬೇಕಾದದ್ದು ಬಾರದೆ ಹೋದಾಗ, ಸರ್ಕಾರಗಳು ಇಂಥ ತೆರಿಗೆಗಳ ಕಡೆಗೇ ಕೈ ಚಾಚುತ್ತವೆ.

೫. ಆಕ್ಷೇಪಣೆಗಳು

ಬೇಸಾಯದ ವರಮಾನಕ್ಕೆ ತೆರಿಗೆ ಬೇಡವೆನ್ನುವವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಮಳೆಯನ್ನು ನಂಬಿದ ಕಸಬು. ಒಂದು ವರ್ಷ ಬಂದದ್ದು ಮರುವರ್ಷ ಬಾರದು. ಕಾಫಿಯ ಗಿಡವು ಒಂದು ವರ್ಷ ಹೇರಳವಾಗಿ ಬಿಟ್ಟರೆ ಮುಂದಿನ ವರ್ಷ ಬಳಲುವುದುಂಟು, ಧಾರಣೆಯೂ ಸ್ಥಿರವಲ್ಲ. ಇದಕ್ಕೆ ಪರಿಹಾರವಿದೆ. ಒಬ್ಬನಿಗೆ ಮೊದಲ ವರ್ಷ 30 ಲಕ್ಷ ಲಾಭ, ಎರಡನೆಯ ವರ್ಷ 6 ಲಕ್ಷ ನಷ್ಟ, ಮೂರನೆಯ ವರ್ಷ 12 ಲಕ್ಷ ಲಾಭವಾಯಿತೆನ್ನಿ. ಒಂದೊಂದು ವರ್ಷವನ್ನೂ ಬೇರೆ ಬೇರೆ ಹಿಡಿಯದೆ ಮೂರನ್ನೂ ಸೇರಿಸಿ ಸರಾಸರಿ 12 ಲಕ್ಷವೆಂದು ಹಿಡಿದರೆ, ಒಳ್ಳೆಯ ವರ್ಷದ ಲಾಭವು ಕೆಟ್ಟ ವರ್ಷದ ಗಾಯವನ್ನು ಮಾಯಿಸಿದ ಮೇಲೆ ಉಳಿದದ್ದಕ್ಕೆ ಮಾತ್ರ ತೆರಿಗೆ ಬೀಳುವುದು.

ಎರಡನೆಯದು, ರೈತನಲ್ಲಿ ಲೆಕ್ಕದ ಪುಸ್ತಕವಿಲ್ಲ. ಅಧಿಕಾರಿಯು ಮನಸ್ಸಿಗೆ ಬಂದಂತೆ ಅಂದಾಜು ಮಾಡಿ ಪೀಡಿಸಿಯಾನು ಎಂಬ ಭಯ. ಈ ಭಯವು ನ್ಯಾಯವಾದದ್ದೇ. 1972ರಲ್ಲಿ ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ಅಧ್ಯಕ್ಷತೆಯ ಸಮಿತಿಯು ಇದನ್ನು ನೋಡಿಯೇ ಬೇರೊಂದು ಮಾರ್ಗವನ್ನು ಸೂಚಿಸಿತು. ಮಣ್ಣು, ಮಳೆ, ನೀರಾವರಿಗಳನ್ನು ಅನುಸರಿಸಿ ದೇಶವನ್ನು ವಲಯಗಳನ್ನಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಎಕರೆಯಿಂದ ಸಾಧಾರಣವಾಗಿ ಬರಬಹುದಾದ ಉತ್ಪತ್ತಿಯನ್ನು ಗೊತ್ತುಮಾಡಿ, ಖರ್ಚನ್ನು ಕಳೆದು, ದೊಡ್ಡ ಹಿಡುವಳಿಗಳ ಮೇಲೆ ಮಾತ್ರ ಏರುವ ದರದಲ್ಲಿ ತೆರಿಗೆ ಹಾಕಬೇಕೆಂಬುದು ಅವರ ಸಲಹೆ. ರಾಜ್ಯಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆಗಲೇ ಹೇಳಿದ 1973ರ ಕೂಡಿಸುವ ಕ್ರಮ ಮಾತ್ರ ಆ ವರದಿಯಿಂದ ಕಾನೂನಿಗೆ ಬಂದಿತು. 2014ರಲ್ಲಿ ಪಾರ್ಥಸಾರಥಿ ಶೋಮ್ ಅವರ ಆಯೋಗವು 50 ಲಕ್ಷ ರೂಪಾಯಿಗೆ ಮೀರಿದ ಬೇಸಾಯದ ವರಮಾನವನ್ನು ತೆರಿಗೆಗೆ ತರಬಹುದೆಂದಿತು. ಅದೂ ಕಾಗದದ ಮೇಲೆಯೇ ಉಳಿಯಿತು.

ಮೂರನೆಯದು, ಕಂಪನಿಗಳಿಗೆ ದರವನ್ನು ಇಳಿಸಿ ಭೂಮಿಯವರನ್ನು ಹಿಡಿಯುವುದು ಯಾವ ನ್ಯಾಯ ಎಂಬುದು. ಇದೂ ಯೋಗ್ಯವಾದ ಪ್ರಶ್ನೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ದರವನ್ನು 30ರಿಂದ 22ಕ್ಕೂ, ಹೊಸ ಕಾರ್ಖಾನೆಗಳಿಗೆ 15ಕ್ಕೂ ಇಳಿಸಿದರು. ಬಂಡವಾಳ ಬಂದೀತು, ಉದ್ಯೋಗ ಬೆಳೆದೀತು ಎಂಬುದು ಕಾರಣ. ಲಾಭವನ್ನು ತೆರಿಗೆಯಿಲ್ಲದ ದೇಶಗಳಿಗೆ ಸಾಗಿಸುವ ಮಹಾ ಕಂಪನಿಗಳನ್ನು ಹಿಡಿಯುವುದು ಒಂದು ದೇಶದಿಂದ ಆಗದ ಕೆಲಸವೆಂದು, 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಶೇಕಡ 15ಕ್ಕೆ ಕಡಮೆಯಿಲ್ಲದ ತೆರಿಗೆಗೆ ಒಪ್ಪಿದುವು. ಕಂಪನಿಯು ಕೊಡಬೇಕಾದದ್ದನ್ನು ಕೊಡಲೇಬೇಕು. ಆದರೆ ಅವನು ಕೊಡಲಿಲ್ಲವೆಂದು ಇವನೂ ಕೊಡಬೇಕಿಲ್ಲ ಎಂದರೆ, ಕೊನೆಗೆ ಹೊರೆ ಹೊರುವವನು ತಪ್ಪಿಸಿಕೊಳ್ಳಲಾರದ ಬಡವನೇ. ಎರಡು ಲೋಪಗಳು ಕೂಡಿ ಒಂದು ನ್ಯಾಯವಾಗುವುದಿಲ್ಲ.

೬. ನ್ಯಾಯವಾದ ಕ್ರಮ ಯಾವುದು

ನನ್ನ ಅಭಿಪ್ರಾಯವನ್ನು ನಾಲ್ಕು ಮಾತಿನಲ್ಲಿ ಅರಿಕೆ ಮಾಡುತ್ತೇನೆ. ಮೊದಲನೆಯದಾಗಿ, ತೆರಿಗೆಯು ಎಕರೆಯ ಮೇಲೆ ಅಲ್ಲ, ನಿವ್ವಳ ವರಮಾನದ ಮೇಲೆ ಇರತಕ್ಕದ್ದು. ಎರಡನೆಯದಾಗಿ, ಮಿತಿಯು ಉದಾರವಾಗಿದ್ದು, ಸಣ್ಣ ರೈತನು ಕಚೇರಿಯ ಮೆಟ್ಟಿಲನ್ನು ಹತ್ತುವ ಪ್ರಸಂಗವೇ ಬಾರದಂತಿರಬೇಕು. ಮೂರನೆಯದಾಗಿ, ಮೂರು ವರ್ಷಗಳ ಸರಾಸರಿಯನ್ನು ಹಿಡಿದು, ಬರಗಾಲದ ನಷ್ಟವನ್ನು ಮುಂದಿನ ವರ್ಷಗಳಲ್ಲಿ ಕಳೆಯಲು ಅವಕಾಶವಿರಬೇಕು. ನಾಲ್ಕನೆಯದಾಗಿ, ಭೂಮಿ ಹಿಡಿದ ಕಂಪನಿಗಳಿಂದಲೂ, ಬೇರೆ ಉದ್ಯೋಗವಿದ್ದು ದೊಡ್ಡ ಬೇಸಾಯದ ವರಮಾನವನ್ನು ತೋರಿಸುವವರಿಂದಲೂ ಕೆಲಸವನ್ನು ಮೊದಲು ಮಾಡಬೇಕು. ಹೀಗೆ ಬಂದ ಹಣವು ಕೆರೆಗಳ ಹೂಳಿಗೂ ಹಳ್ಳಿಯ ರಸ್ತೆಗೂ ಉಗ್ರಾಣಗಳಿಗೂ ಸಂದರೆ, ಕೊಟ್ಟವನಿಗೂ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಈ ಅಧಿಕಾರವು ರಾಜ್ಯಗಳದಾದ್ದರಿಂದ, ತಮ್ಮ ಪ್ರತಿನಿಧಿಗಳನ್ನು ಈ ವಿಷಯದಲ್ಲಿ ಪ್ರಶ್ನಿಸುವ ಹಕ್ಕು ತಮಗೆ ಪೂರ್ಣವಾಗಿ ಉಂಟು.

೭. ರೈತರು ಮಾಡತಕ್ಕದ್ದು

ಒಂದನೆಯದು, ಲೆಕ್ಕವಿಡಿರಿ. ಒಂದು ಸಾಧಾರಣ ಪುಸ್ತಕದಲ್ಲಿ ತಾರೀಖು, ಸರ್ವೆ ನಂಬರು, ಬೆಳೆ, ಖರ್ಚು, ಉತ್ಪತ್ತಿ, ಮಾರಿದ ಬೆಲೆ, ಇಷ್ಟನ್ನು ಬರೆದರೆ ಸಾಕು. ಮನೆಯ ಬೀಜಕ್ಕೂ ಮನೆಯ ಕೊಟ್ಟಿಗೆಗೊಬ್ಬರಕ್ಕೂ ಪೇಟೆಯ ಬೆಲೆಯನ್ನು ಕಟ್ಟಿರಿ. ಮನೆಯವರು ದುಡಿದ ದಿನಗಳನ್ನೂ ಬರೆಯಿರಿ. ಹೆಂಗಸರ ದುಡಿಮೆಯನ್ನು ಮರೆಯಬೇಡಿರಿ. ಇವುಗಳನ್ನು ಬಿಟ್ಟರೆ ಇಲ್ಲದ ಲಾಭವು ಇದ್ದಂತೆ ತೋರುತ್ತದೆ. ಲೆಕ್ಕವು ತೆರಿಗೆಯವರಿಗಾಗಿ ಅಲ್ಲ. ಯಾವ ಬೆಳೆ ಕೈಹಿಡಿಯಿತು, ಯಾವುದು ಕೈಬಿಟ್ಟಿತೆಂದು ತಿಳಿಯುವುದಕ್ಕೂ, ಸಾಲ ಕೇಳುವುದಕ್ಕೂ, ಬೆಂಬಲ ಬೆಲೆಗೆ ವಾದಿಸುವುದಕ್ಕೂ ಅದೇ ಆಧಾರ.

ಎರಡನೆಯದು, ಮಾರುಕಟ್ಟೆಯ ಚೀಟಿಗಳನ್ನೂ ಗೊಬ್ಬರದಂಗಡಿಯ ರಸೀತಿಗಳನ್ನೂ ಜೋಪಾನವಾಗಿಡಿರಿ.

ಮೂರನೆಯದು ಬಹು ಮುಖ್ಯ. ತಮ್ಮ ಪಹಣಿಯನ್ನು ಇನ್ನೊಬ್ಬರ ಉಪಯೋಗಕ್ಕೆ ಕೊಡಬೇಡಿರಿ. ಬೆಳೆಯದ ಬೆಳೆಗೆ ಚೀಟಿ ಬರೆದುಕೊಡೆಂದಾಗಲಿ, ಉಳದ ಭೂಮಿಗೆ ಗೇಣಿ ಪತ್ರಕ್ಕೆ ಸಹಿ ಹಾಕೆಂದಾಗಲಿ ಯಾರಾದರೂ ಹಣದ ಆಸೆ ತೋರಿಸಿದರೆ, ಅವರು ಕೊಳ್ಳುತ್ತಿರುವುದು ತಮ್ಮ ಹೆಸರನ್ನೆಂದು ತಿಳಿಯಿರಿ. ನಾಳೆ ವಿಚಾರಣೆ ನಡೆದಾಗ ಕಾಗದದಲ್ಲಿರುವುದು ತಮ್ಮ ಸಹಿ. ಹಣವು ಹೋಗಿರುವುದು ಅವರ ಪೆಟ್ಟಿಗೆಗೆ.

ಮಹಾಶಯರೇ, ತೆರಿಗೆಯ ಮಾತೆತ್ತಿದರೆ ರೈತನಿಗೆ ಭಯವಾಗುವುದು ಸಹಜ. ತಲೆತಲಾಂತರದ ಅನುಭವವು ಹಾಗಿದೆ. ಆದರೆ ಈ ಚರ್ಚೆಯಲ್ಲಿ ತಮಗೆ ಭಯಪಡುವ ಕಾರಣವು ಕಡಮೆ, ಮಾತನಾಡುವ ಕಾರಣವು ಹೆಚ್ಚು. ಮುಂದೆ ಯಾರಾದರೂ “ರೈತನ ಮೇಲೆ ತೆರಿಗೆ ಬೇಡ” ಎಂದು ತಮ್ಮ ಪರವಾಗಿ ವಾದಿಸಲು ಬಂದರೆ, ಅವರನ್ನು ಮರ್ಯಾದೆಯಿಂದ ಕೂರಿಸಿ, ಯಾವ ರೈತ, ಎಷ್ಟು ಎಕರೆ, ಎಷ್ಟು ವರಮಾನ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರವು ತಮ್ಮ ಮನೆಯ ಲೆಕ್ಕದ ಪುಸ್ತಕಕ್ಕೆ ಹೊಂದುತ್ತದೆಯೋ ಇಲ್ಲವೋ ತಾವೇ ನೋಡಿಕೊಳ್ಳಬಹುದು.